ಆಷಾಢಕ್ಕೆ ಮಲಗಿದ ಸರ್ವರ್

ನಮ್ಮ ಚಿಕ್ಕಪ್ಪನ ಕಿವಿಗೆ ಒಬ್ಬರ ನಕ್ಷತ್ರ ಒಮ್ಮೆ ಬಿದ್ದರೆ ಅದು ಅಲ್ಲೇ ಕಾಯಂ ಆಗುತ್ತಿತ್ತು. ಆ ಮನುಷ್ಯನ ಹೆಸರು, ಊರು, ಮುಖ ಮಾತ್ರ ಮಾರನೆಯ ದಿನಕ್ಕೆ ಅಳಿಸಿಹೋಗುತ್ತಿದ್ದವು. ನಂಜನಗೂಡಿನ ಪೇಟೆಯಲ್ಲಿ ಯಾರಾದರೂ ನಮಸ್ಕಾರ ಎಂದರೆ ಒಂದು ಗಳಿಗೆ ಕಣ್ಣು ಕಿರಿದು ಮಾಡಿ ನೋಡಿ, "ಓ, ಉತ್ತರಾಷಾಢ ಎರಡನೇ ಪಾದ! ಮೊಣಕಾಲು ನೋವು ಹೇಗಿದೆ ಈಗ?" ಎನ್ನುತ್ತಿದ್ದರು. ಮೊಣಕಾಲು ನೋವು ಬೇರೆ ಯಾರದೋ ಆಗಿರುತ್ತಿತ್ತು. ನಕ್ಷತ್ರ ತಪ್ಪುತ್ತಿರಲಿಲ್ಲ.

ಇಂಥವರು ವಧೂವರ ಕೇಂದ್ರ ತೆರೆದರು. ದೇವಸ್ಥಾನದ ಕೆಲಸ ನಮ್ಮ ಮನೆತನಕ್ಕೆ ತಲೆತಲಾಂತರದಿಂದ ಬಂದದ್ದು. ಅಪ್ಪ ಅದರಿಂದ ತಪ್ಪಿಸಿಕೊಂಡು ಮೇಷ್ಟರಾದರು, ಚಿಕ್ಕಪ್ಪ ಪೌರೋಹಿತ್ಯ ಹಿಡಿದರು. ಮದುವೆ ಮಾಡಿಸುವವನೇ ಜೋಡಿಯನ್ನೂ ಹುಡುಕಿಕೊಟ್ಟರೆ ತಪ್ಪೇನು ಎಂದು ಮನೆಯ ಮುಂದಿನ ಕೋಣೆಗೆ ಬೋರ್ಡು ಹಾಕಿಸಿದರು. ಮೊದಮೊದಲು ಜಾತಕಗಳೆಲ್ಲ ಒಂದು ಟ್ರಂಕಿನಲ್ಲಿದ್ದವು. ಎರಡು ಸಾವಿರದ ಇಸವಿ ದಾಟಿದ ಮೇಲೆ ಎಲ್ಲರ ಬಾಯಲ್ಲೂ ಕಂಪ್ಯೂಟರಿನ ಮಾತು ಬಂತು, ಚಿಕ್ಕಪ್ಪನ ಬಾಯಲ್ಲೂ ಬಂತು. ಕೈಗಾರಿಕಾ ಪ್ರದೇಶದಲ್ಲಿ ಬಾಗಿಲು ಮುಚ್ಚಿದ ಯಾವುದೋ ಕಾರ್ಖಾನೆಯ ಸಾಮಾನು ಹರಾಜಾಗುತ್ತಿದೆ ಎಂದು ಕೇಳಿ ಹೋದವರು ಟೆಂಪೋದಲ್ಲಿ ಒಂದು ಸರ್ವರ್ ಹೇರಿಕೊಂಡು ಬಂದರು. ಸರ್ವರ್ ಎಂದರೆ ದೊಡ್ಡ ಆಫೀಸುಗಳಲ್ಲಿ ಉಳಿದ ಕಂಪ್ಯೂಟರುಗಳಿಗೆಲ್ಲ ಮಾಹಿತಿ ಒದಗಿಸುವ ಯಜಮಾನ ಯಂತ್ರ. ನಮ್ಮಲ್ಲಿ ಉಳಿದ ಕಂಪ್ಯೂಟರು ಎನ್ನುವುದೇ ಇರಲಿಲ್ಲ.

"ಇಷ್ಟು ದೊಡ್ಡದು ಯಾಕೆ ಚಿಕ್ಕಪ್ಪ?" ಎಂದು ಕೇಳಿದೆ.

"ಹೆಣ್ಣು ಹೆತ್ತವರು ಬಂದಾಗ ಒಂದು ಭರವಸೆ ಹುಟ್ಟಬೇಕು ಕಣೇ."

ಭರವಸೆ ಹುಟ್ಟುತ್ತಿತ್ತು. ಸ್ವಿಚ್ ಹಾಕಿದರೆ ರೈಸ್ ಮಿಲ್ಲಿನ ಸದ್ದು. ಬಂದವರು ಗೋಡೆಯ ಮೇಲಿನ ದೇವರ ಪಟಕ್ಕೆ ಕೈಮುಗಿದು, ಹಾಗೇ ತಿರುಗಿ ಇದಕ್ಕೂ ಒಂದು ಕೈಮುಗಿದು ಕೂರುತ್ತಿದ್ದರು. ಜಾತಕ ಹೊಂದಿಸುವ ಪ್ರೋಗ್ರಾಮನ್ನು ಮೈಸೂರಿನವನೊಬ್ಬ ಬರೆದುಕೊಟ್ಟು, ಅದನ್ನು ಆ ಯಂತ್ರಕ್ಕೇ ಬಿಗಿದು, ಸಿ.ಡಿ. ಕೊಡದೆ ಮಾಯವಾಗಿದ್ದ. ಅವನ ಪ್ರೋಗ್ರಾಮಿನೊಳಗೆ ನೋಡಿದರೆ ಅದು ಜಾತಕ, ಹೊರಗೆ ತೆಗೆದರೆ ಬರೀ ಕಸ.

ಯಂತ್ರದ ಆರೈಕೆ ನನ್ನ ಪಾಲಿಗೆ ಬಂತು. ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಬಸ್ ಸ್ಟ್ಯಾಂಡಿನ ಹತ್ತಿರದ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಸ್ಕ್ರೂಡ್ರೈವರ್ ಹಿಡಿದು ಕೂತ ಹುಡುಗಿಯನ್ನು ನೋಡಿ ಬಂದವರು, "ರಿಪೇರಿ ಮಾಡೋರು ಇಲ್ವೇನಮ್ಮ?" ಎಂದು ಕೇಳುತ್ತಿದ್ದರು. "ಊಟಕ್ಕೆ ಹೋಗಿದ್ದಾರೆ, ಅವರು ಬರೋದ್ರೊಳಗೆ ನಾನೇ ಮಾಡಿಬಿಡ್ತೀನಿ" ಎನ್ನುತ್ತಿದ್ದೆ. ಕೋಪ ನನಗೆ ಆಗಲೂ ಮೂಗಿನ ತುದಿಯಲ್ಲೇ ಇತ್ತು, ಈಗಲೂ ಬೇರೆ ಮನೆ ಮಾಡಿಲ್ಲ.

ಇನ್ನು ನನ್ನ ಅಕ್ಕ. ಅಕ್ಕ ನರಸೀಪುರದಲ್ಲಿ ಪ್ರೈಮರಿ ಶಾಲೆಯ ಟೀಚರು. ಮದುವೆಯಾದ ಸ್ವಲ್ಪ ಕಾಲಕ್ಕೇ ಭಾವ ಜ್ವರ ಬಂದು ತೀರಿಕೊಂಡಿದ್ದರು. ತವರಿಗೆ ಬಾ ಎಂದರೆ ಬರಲಿಲ್ಲ, ಅಲ್ಲೇ ಬಾಡಿಗೆ ಮನೆ ಹಿಡಿದಳು. ಚಿಕ್ಕಪ್ಪ ಅವಳಿಗೆ ಆಸರೆಯಾಗಲಿ ಎಂದೋ, ಅವಳನ್ನು ನೋಡಲು ಒಂದು ನೆಪ ಬೇಕೆಂದೋ, ಆ ಮನೆಯ ನಡುಮನೆಯನ್ನೇ ಕೇಂದ್ರದ ನರಸೀಪುರ ಶಾಖೆ ಎಂದು ಘೋಷಿಸಿದರು. ಒಂದು ಸಾಧಾರಣ ಕಂಪ್ಯೂಟರು, ಒಂದು ಫೋನು, ಎರಡು ಪ್ಲಾಸ್ಟಿಕ್ ಕುರ್ಚಿ. ಭಾನುವಾರ ಚಿಕ್ಕಪ್ಪ ಅಲ್ಲಿ ಕೂರುತ್ತಿದ್ದರು.

ಗಂಡ ಸತ್ತವರಿಗೂ ಹೆಂಡತಿ ಸತ್ತವರಿಗೂ ಕೇಂದ್ರದಲ್ಲಿ ಒಂದು ಬೇರೆ ವಿಭಾಗ ತೆರೆಯಬೇಕೆಂದು ನಾನು ಚಿಕ್ಕಪ್ಪನ ಜೊತೆ ಜಗಳ ಆಡಿದ್ದೆ. ಒಂದು ವಾರ ಮುಖ ಊದಿಸಿಕೊಂಡಿದ್ದವರು ಆಮೇಲೆ ತಾವೇ ತೆರೆದರು. ಆದರೆ ಅದಕ್ಕೊಂದು ಕಟ್ಟುನಿಟ್ಟು: ಜನ ಆಡಿಕೊಳ್ಳಬಾರದು, ಅದಕ್ಕೆ ಎರಡೂ ಕಡೆ ಒಪ್ಪಿಗೆಯಾಗುವವರೆಗೆ ಹೆಸರಿಲ್ಲ, ಊರಿಲ್ಲ, ಬರೀ ನಂಬರು. ವಿವರಗಳನ್ನು ತಾವೇ ಸರ್ವರಿಗೆ ಬೆರಳಲ್ಲಿ ಕುಟ್ಟಿ ಸೇರಿಸುತ್ತಿದ್ದರು, ಕಾಗದವನ್ನು ಅಲ್ಲೇ ಹರಿದು ಒಲೆಗೆ ಹಾಕುತ್ತಿದ್ದರು. ಅಕ್ಕ ಹೂಂ ಎಂದಳು. ಅವಳಿಗೂ ಒಂದು ನಂಬರು ಬಂತು.

ಜ್ಯೇಷ್ಠದ ಒಂದು ಭಾನುವಾರ ನರಸೀಪುರದ ಶಾಖೆಗೆ ಒಬ್ಬರು ಬಂದರು. ಹೆಂಡತಿ ತೀರಿಕೊಂಡಿದ್ದವರು, ಏನೋ ಸರ್ಕಾರಿ ಕೆಲಸ. ಅಕ್ಕನೂ ಅವರೂ ಎದುರುಬದುರು ಕೂತು ಇನ್ನೇನು ಮಾತು ಶುರುವಾಗಬೇಕು, ಕರೆಂಟು ಹೋಯಿತು. ಸೆಕೆ ಎಂದರೆ ಸೆಕೆ. ಆ ಮನುಷ್ಯ ಅಲ್ಲಿದ್ದ ಪೇಪರನ್ನು ಮಡಿಸಿ ಬೀಸತೊಡಗಿದರು. ತಮಗಲ್ಲ, ಒಂದಷ್ಟು ಹೊತ್ತು ಚಿಕ್ಕಪ್ಪನಿಗೆ, ಒಂದಷ್ಟು ಹೊತ್ತು ಅಕ್ಕನಿಗೆ, ಮತ್ತೆ ಚಿಕ್ಕಪ್ಪನಿಗೆ. ಚಿಕ್ಕಪ್ಪ ಆ ಗಾಳಿಗೆ ಹಾಯಾಗಿ ನಿದ್ದೆ ಹೋದರು. ಇವರಿಬ್ಬರೂ ಕರೆಂಟು ಯಾವಾಗ ಬರಬಹುದು ಎಂಬುದರ ಬಗ್ಗೆಯೇ ಮಾತಾಡಿಕೊಂಡು ಕೂತರಂತೆ. ಹೋಗುವಾಗ ಅವರು ಹೇಳಿದ್ದು ಇಷ್ಟು: "ನನ್ನ ಕಡೆಯಿಂದ ಒಪ್ಪಿಗೆ. ನಿಮ್ಮ ಉತ್ತರ ಶ್ರಾವಣದ ಮೊದಲನೇ ಸೋಮವಾರದೊಳಗೆ ತಿಳಿಸಿ. ಬಡ್ತಿ ಮೇಲೆ ರಾಯಚೂರು ಕಡೆಗೆ ವರ್ಗ ಕೊಡ್ತೀವಿ ಅಂತಿದ್ದಾರೆ, ಅವತ್ತು ಆಫೀಸಿಗೆ ಹೋಗಿ ಹೂಂ ಅಥವಾ ಉಹೂಂ ಅನ್ನಬೇಕು. ಏನೂ ತಿಳಿಸದಿದ್ರೆ ಬೇಡ ಅಂತ ತಿಳ್ಕೊಂಡು ಹೋಗ್ಬಿಡ್ತೀನಿ, ಬೇಜಾರಿಲ್ಲ." ಮೇಲೆ ಬಿದ್ದು ಕೇಳುವ ಮನುಷ್ಯ ಅಲ್ಲವೇ ಅಲ್ಲ.

ಅವರು ಹೋದ ಮೇಲೆ ಅಕ್ಕ ಅವತ್ತೇ ಚಿಕ್ಕಪ್ಪನಿಗೆ ಹೂಂ ಎಂದಿದ್ದಳು. ಆದರೆ ಅಷ್ಟರಲ್ಲಿ ಆಷಾಢ ಬಂತು. ಆಷಾಢದಲ್ಲಿ ಮದುವೆಯ ಮಾತೇ ಕೂಡದು, ಶ್ರಾವಣ ಹುಟ್ಟಿದ ದಿನವೇ ಫೋನ್ ಮಾಡೋಣ ಎಂದು ಚಿಕ್ಕಪ್ಪ ಹಟ ಹಿಡಿದರು. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳನ್ನೇ ಆಷಾಢಕ್ಕೆ ತವರಿಗೆ ಕಳಿಸುವಾಗ, ಮದುವೆ ಕುದುರಿಸುವ ಯಂತ್ರ ಮಾತ್ರ ಯಾಕೆ ದುಡಿಯಬೇಕು ಎಂದು ಅವರಿಗೆ ತೋಚಿತು. ಜ್ಯೇಷ್ಠದ ಕೊನೆಯ ಸಂಜೆ ನಾನು ಎಂದಿನಂತೆ ಸರ್ವರಿನ ಇಡೀ ಹೊಟ್ಟೆಯ ಒಂದು ಪ್ರತಿಯನ್ನು ಬ್ಯಾಕಪ್ ಟೇಪಿಗೆ ಇಳಿಸಿ ಮನೆಗೆ ಹೋದೆ. ಹಿಂದೆಯೇ ಚಿಕ್ಕಪ್ಪ ಸರ್ವರಿಗೆ ಕುಂಕುಮ ಇಟ್ಟು, ಸ್ವಿಚ್ ಆರಿಸಿ, ಒಂದು ಹಳೆಯ ಪಂಚೆ ಹೊದಿಸಿ ಮಲಗಿಸಿಬಿಟ್ಟರು. ಟೇಪನ್ನು ದೇವರ ಗೂಡಿನಲ್ಲಿ ಸಾಲಿಗ್ರಾಮದ ಪಕ್ಕ ಇಟ್ಟರು. ಆ ತಿಂಗಳೆಲ್ಲ ನನಗೆ ಅಂಗಡಿಯ ಕೆಲಸಕ್ಕೆ ಮೈಸೂರಿನ ಓಡಾಟ, ಅವರ ಮನೆಗೆ ನಾನು ಕಾಲಿಡಲೇ ಇಲ್ಲ.

ಹಗಲೂ ರಾತ್ರಿ ತಿರುಗಿ ರೂಢಿಯಾದ ಹಳೆಯ ಡಿಸ್ಕನ್ನು ಒಂದು ತಿಂಗಳು ಸುಮ್ಮನೆ ಮಲಗಿಸಬಾರದು. ಮತ್ತೆ ಏಳು ಎಂದರೆ ಅದು ಏಳುವುದಿಲ್ಲ. ಇದು ನನಗೆ ಗೊತ್ತಿತ್ತು. ಚಿಕ್ಕಪ್ಪನಿಗೆ ಗೊತ್ತಿರಲಿಲ್ಲ, ಅವರು ನನ್ನನ್ನು ಕೇಳಲೂ ಇಲ್ಲ.

ಶ್ರಾವಣದ ಮೊದಲ ದಿನ ಶುಕ್ರವಾರ ಬಿತ್ತು. ಬೆಳಗ್ಗೆಯೇ ಚಿಕ್ಕಪ್ಪನ ಮನೆಯಿಂದ ಕರೆ. ಹೋಗಿ ನೋಡಿದರೆ ಸರ್ವರಿನ ಮುಂದೆ ರಂಗೋಲಿ, ತಲೆಯ ಮೇಲೆ ಸೇವಂತಿಗೆ, ಒಳಗೆ ಮಾತ್ರ ಉಸಿರಿಲ್ಲ. ಪಕ್ಕದ ತಗಡು ಬಿಚ್ಚಿದೆ. ಹಳೆಯ ಪಂಚಾಂಗವನ್ನು ಚೂರುಚೂರು ಮಾಡಿ ಇಲಿ ಅಲ್ಲಿ ಗೂಡು ಕಟ್ಟಿತ್ತು. ಬೆಚ್ಚಗಿರುವ ಬಾಣಂತಿ ಕೋಣೆ ಸಿಕ್ಕಿದ ಸಂತೋಷಕ್ಕೆ ಮದರ್‌ಬೋರ್ಡಿನ ಮೇಲೆಲ್ಲ ಉಚ್ಚೆ ಹೊಯ್ದು, ಬೋರ್ಡು ತುಕ್ಕು ಹಿಡಿದಿತ್ತು. ಡಿಸ್ಕುಗಳು ಕಿಟ್ ಕಿಟ್ ಎಂದು ಹಲ್ಲು ಕಡಿದವೇ ಹೊರತು ತಿರುಗಲಿಲ್ಲ.

"ಇದು ಸತ್ತಿದೆ" ಎಂದೆ.

"ಶುಭ ನುಡಿಯೇ!" ಎಂದರು ಚಿಕ್ಕಪ್ಪ.

"ಅಕ್ಕನ್ನ ನೋಡೋಕೆ ಬಂದಿದ್ರಲ್ಲ, ಅವರ ಫೋನ್ ನಂಬರ್ ಹೇಳಿ, ಮೊದಲು ಅದನ್ನ ಮಾಡೋಣ."

"ಅದರಲ್ಲೇ ಇದೆ" ಎಂದು ಸರ್ವರನ್ನು ತೋರಿಸಿದರು.

"ಹೆಸರು?"

ಮುಖ ನೋಡಿದರು.

"ಹೋಗಲಿ, ಊರು ಯಾವುದು?"

"ಊರು... ಪುಷ್ಯ ನಕ್ಷತ್ರ ಕಣೇ, ಕರ್ಕಾಟಕ ರಾಶಿ. ಕೌಶಿಕ ಗೋತ್ರ."

ಕರ್ಕಾಟಕ ರಾಶಿಗೆ ಫೋನ್ ಮಾಡಲು ಬರುತ್ತದೆಯೇ? ನನಗೆ ಬಂದ ಸಿಟ್ಟಿಗೆ ಆ ಸೇವಂತಿಗೆ ಹೂವನ್ನು ಕಿತ್ತು ಕಿಟಕಿಯಿಂದಾಚೆ ಎಸೆದೆ. ಸೋಮವಾರಕ್ಕೆ ಇನ್ನೆಷ್ಟು ದೂರ ಎಂದು ಇಬ್ಬರೂ ಮನಸ್ಸಿನಲ್ಲೇ ಲೆಕ್ಕ ಹಾಕಿದೆವು. ಚಿಕ್ಕಪ್ಪ ಕುರ್ಚಿಯಲ್ಲಿ ಕುಸಿದರು. "ಆ ಮಗೂಗೆ ಏನಂತ ಹೇಳಲಿ?" ಎಂದರು. ಬಯ್ಯಬೇಕೆಂದು ಬಾಯಿ ತೆರೆದವಳು ದೇವರ ಗೂಡಿನ ಕಡೆ ತಿರುಗಿದೆ.

ಉಳಿದಿದ್ದು ದೇವರ ಗೂಡಿನ ಟೇಪು. ಅದನ್ನು ಬೇರೆ ಯಂತ್ರಕ್ಕೆ ಇಳಿಸಿ, ಸತ್ತ ಸರ್ವರನ್ನು ಅದರೊಳಗೆ ಎಬ್ಬಿಸಬೇಕಿತ್ತು. ಬರೀ ಮಾಹಿತಿ ಇಳಿಸಿದರೆ ಸಾಲದು. ಆ ಮೈಸೂರಿನವನ ಪ್ರೋಗ್ರಾಂ ತನ್ನ ಹಳೆಯ ಮನೆಯೇ ಇದು ಎಂದು ನಂಬುವ ಹಾಗೆ ಇಡೀ ವ್ಯವಸ್ಥೆಯನ್ನೇ ಇಳಿಸಬೇಕು. ನಮ್ಮ ಅಂಗಡಿಯಲ್ಲಿದ್ದವೆಲ್ಲ ಗಿರಾಕಿಗಳವು, ಅಳಿಸುವಂತಿಲ್ಲ; ಕೈಗೆ ಸಿಗುವ ಬೇರೆ ಯಂತ್ರವೆಂದರೆ ನರಸೀಪುರದ ಶಾಖೆಯದು. ಇದನ್ನು ಬಿಡಿಸಿ ಹೇಳಿದಾಗ ಚಿಕ್ಕಪ್ಪನ ಮುಖ ಅರಳಿತು. "ಪರಕಾಯ ಪ್ರವೇಶ ಅನ್ನು! ಮೊದಲೇ ಹೇಳಬಾರದಿತ್ತೇನೇ?"

ಶನಿವಾರ ಬೆಳಗ್ಗೆ ನರಸೀಪುರದ ಬಸ್ಸು ಹತ್ತಿದೆವು. ಸರ್ವರಿನಿಂದ ಕಿತ್ತ ಟೇಪ್ ಡ್ರೈವು, ಅದರ ಕಾರ್ಡು, ಕೇಬಲ್ಲು ಎಲ್ಲವನ್ನೂ ಒಂದು ಸ್ಟೀಲ್ ಪಾತ್ರೆಯಲ್ಲಿಟ್ಟು ಟವೆಲ್ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಟೇಪು ಮಾತ್ರ ಚಿಕ್ಕಪ್ಪನ ಸೊಂಟದಲ್ಲಿ, ಪಂಚೆಯ ಗಂಟಿನಲ್ಲಿ.

ಕಂಡಕ್ಟರ್ ಪಾತ್ರೆ ನೋಡಿ, "ಏನವ್ವಾ ಅದು, ಮಿಕ್ಸಿನಾ?" ಎಂದ.

ನಾನು ಬಾಯಿ ಬಿಡುವುದರೊಳಗೆ ಚಿಕ್ಕಪ್ಪ, "ಅಲ್ಲಪ್ಪ, ನಂಜನಗೂಡು ತಾಲ್ಲೂಕಿನ ಮದುವೆಗಳೆಲ್ಲ ಅದರಿಂದಲೇ ಆಗಬೇಕು" ಎಂದರು.

"ಅಂಗಾರೆ ಲಗೇಜ್ ಟಿಕೀಟ್ ತಕ್ಕಳಿ ಸ್ವಾಮಿ. ಅಷ್ಟೊಂದ್ ಜನಾನ ಸುಮ್ನೆ ಕರ್ಕೊಂಡೋಗಕಾಯ್ತದಾ?"

ಹಿಂದಿನ ಸೀಟಿನ ಹೆಂಗಸು ಮುಂದೆ ಬಗ್ಗಿ, "ನಮ್ ಐದನ್ಗೂ ಒಂದ್ ಎಣ್ಣು ನೋಡವ್ವಾ ಅದ್ರಲ್ಲಿ, ಎರಡೆಕ್ರೆ ಗದ್ದೆ ಅದೆ" ಎಂದಳು. ಬಸ್ಸಿನಿಂದ ಇಳಿಯುವವರೆಗೂ ಚಿಕ್ಕಪ್ಪ ಆ ಹೈದನ ನಕ್ಷತ್ರ ವಿಚಾರಿಸಿದರು. ನಾನು ಟೇಪಿನ ಮೇಲೆ ಮೆತ್ತಿರಬಹುದಾದ ವಿಭೂತಿಯ ಬಗ್ಗೆ ಯೋಚಿಸುತ್ತ ಕೂತಿದ್ದೆ.

ವಿಭೂತಿ ಮಾತ್ರವಲ್ಲ, ಕುಂಕುಮವೂ ಇತ್ತು, ಕರ್ಪೂರದ ಮಸಿಯೂ ಇತ್ತು. ಶಾಲೆ ಮುಗಿಸಿಕೊಂಡು ಬಂದ ಅಕ್ಕ ಹತ್ತಿಯಲ್ಲಿ ಅದನ್ನೆಲ್ಲ ಮೆಲ್ಲಗೆ ಒರೆಸಿದಳು. ವಿಷಯ ಅವಳಿಗೆ ಫೋನಿನಲ್ಲೇ ಗೊತ್ತಾಗಿತ್ತು. ಅಳಲಿಲ್ಲ, ಕೂಗಾಡಲಿಲ್ಲ. "ಚಿಕ್ಕಪ್ಪ, ನನ್ನನ್ನೂ ಹೀಗೇ ಪಂಚೆ ಹೊದಿಸಿ ಮಲಗಿಸಲಿಲ್ಲವಲ್ಲ, ಪುಣ್ಯ" ಎಂದಳು. ಚಿಕ್ಕಪ್ಪ ಅಡುಗೆಮನೆಗೆ ಹೋಗಿ ತಾವೇ ಕಾಫಿ ಮಾಡತೊಡಗಿದರು. ಅವರು ಒಲೆ ಹಚ್ಚಿದ್ದನ್ನು ನಾನು ಮೊದಲ ಸಲ ನೋಡಿದ್ದು ಅವತ್ತು.

ಅವತ್ತು ಸಂಜೆಯ ಹೊತ್ತಿಗೆ ಟೇಪು ಪೂರ್ತಿ ಇಳಿಯಿತು. ಎಲ್ಲವೂ ಸರಿಯಾಗಿದೆ ಎಂದು ಯಂತ್ರವೇ ಹೇಳಿತು. ಖುಷಿಯಿಂದ ಮತ್ತೆ ಆನ್ ಮಾಡಿದೆ. ಕಪ್ಪು ಪರದೆಯ ಮೇಲೆ ಒಂದೇ ಒಂದು ಬಿಳಿ ಸಾಲು: ಬೇಕಾದ ಫೈಲು ಕಾಣಿಸುತ್ತಿಲ್ಲ. ಹಳೆಯ ಸರ್ವರಿನಲ್ಲಿ ಎಲ್ಲಿಂದ ಎದ್ದೇಳಬೇಕು ಎಂಬ ವಿಳಾಸ ಬೇರೆ ಇತ್ತು, ಇಲ್ಲಿ ಬೇರೆ. ಗಂಡನ ಮನೆಗೆ ಬಂದ ಹೊಸ ಸೊಸೆ ತವರಿನ ಅಡುಗೆಮನೆಯಲ್ಲಿದ್ದ ಜಾಗದಲ್ಲೇ ಉಪ್ಪಿನ ಡಬ್ಬಕ್ಕೆ ಕೈ ಹಾಕಿದ ಹಾಗೆ. ಭಾನುವಾರ ಬೆಳಗ್ಗೆ ಲಗ್ನಪತ್ರಿಕೆ ಮಾಡುವ ಡಿ.ಟಿ.ಪಿ. ಅಂಗಡಿಗೆ ಹೋಗಿ, ಅವರ ಕಂಪ್ಯೂಟರಿನಲ್ಲಿ ಸರಿಯಾದ ವಿಳಾಸದ ಫೈಲು ಬರೆದು, ಫ್ಲಾಪಿಯಲ್ಲಿ ತಂದೆ. ಫ್ಲಾಪಿ ಓದಲಿಲ್ಲ. ಮತ್ತೆ ಹೋದೆ. ಎರಡನೆಯದೂ ಓದಲಿಲ್ಲ. ಮೂರನೆಯ ಸಲ ಅಂಗಡಿಯವರು ಏನೂ ಕೇಳದೆ ಫ್ಲಾಪಿಗಳ ಡಬ್ಬವನ್ನೇ ಕೈಗೆ ಕೊಟ್ಟು ಕಳಿಸಿದರು.

ವಿಳಾಸ ಸರಿಹೋಯಿತು. ಕಪ್ಪು ಪರದೆ ಹೋಗಿ ನೀಲಿ ಪರದೆ ಬಂತು.

ಈ ಕೆಲಸ ಬಲ್ಲವರಿಗೆ ಆ ನೀಲಿ ಬಣ್ಣದ ಅರ್ಥ ಗೊತ್ತು. ನಿಂತಲ್ಲೇ ಪ್ರಾಣ ಬಿಟ್ಟೆ, ಕಾರಣ ಕೆಳಗೆ ಬರೆದಿದ್ದೇನೆ, ನಿನಗೆ ಅರ್ಥವಾಗುವುದಿಲ್ಲ ಎಂದು ಯಂತ್ರ ಹೇಳುವ ರೀತಿ ಅದು. ಕಾರಣ ನನಗೆ ಅರ್ಥವಾಯಿತು. ಟೇಪಿನಿಂದ ಬಂದ ವ್ಯವಸ್ಥೆಗೆ ಹಳೆಯ ಸರ್ವರಿನ ಡಿಸ್ಕು ಗೊತ್ತು, ಈ ಯಂತ್ರದ ಡಿಸ್ಕಿನ ಜೊತೆ ಮಾತಾಡುವುದು ಗೊತ್ತಿಲ್ಲ.

ಚಿಕ್ಕಪ್ಪ ಕೇಳಿದರು, "ಯಾಕಂತೆ?"

"ಅದರದ್ದೂ ಇದರದ್ದೂ ಕುಲ ಬೇರೆ ಬೇರೆ ಚಿಕ್ಕಪ್ಪ."

"ಗೋತ್ರ ಬೇರೆಯಾದರೆ ಒಳ್ಳೆಯದೇ ಅಲ್ವೇನೇ? ಸಗೋತ್ರ ಆಗಬಾರದು. ಧಾರಾಳವಾಗಿ ಮುಂದುವರಿ."

ನಾನು ಸ್ಕ್ರೂಡ್ರೈವರ್ ಎಸೆದೆ. ಅದು ಹೋಗಿ ಪ್ಲಾಸ್ಟಿಕ್ ಕುರ್ಚಿಗೆ ಬಡಿದು ಉರುಳಿತು. ಚಿಕ್ಕಪ್ಪ ಜಪಕ್ಕೆ ಹೊತ್ತಾಯಿತೆಂದು ಎದ್ದುಹೋದರು. ಹಸಿವು, ಸೆಕೆ, ಮೂಗಿನೊಳಗೆ ಕರ್ಪೂರದ ವಾಸನೆ. ಅಕ್ಕನ ಮೇಲೆ ತಿರುಗಿದೆ. "ಇಷ್ಟೆಲ್ಲ ಒದ್ದಾಡಬೇಕಾ? ಹೆಸರೂ ಗೊತ್ತಿಲ್ಲದ ಮನುಷ್ಯ! ಹೋದರೆ ಹೋಗಲಿ ರಾಯಚೂರಿಗೆ. ನಿನಗೆ ಬೇರೆ ಯಾರೂ ಸಿಗೋದೇ ಇಲ್ವಾ?"

ಅಕ್ಕ ಮಕ್ಕಳ ಕಾಪಿ ತಿದ್ದುತ್ತಿದ್ದಳು. ಕೆಂಪು ಪೆನ್ನಿಗೆ ಮುಚ್ಚಳ ಹಾಕಿದಳು.

"ನನಗೆ ಅವರೇ ಬೇಕು ಕಣೇ" ಎಂದಳು. "ಎಷ್ಟೋ ಜನ ಬಂದು ನೋಡಿಕೊಂಡು ಹೋದರು. ಒಬ್ಬರು ನನ್ನ ಸಂಬಳ ಕೇಳಿದರು, ಒಬ್ಬರು ಅವರಮ್ಮನ ಮಂಡಿ ನೋವು ನನ್ನ ಕೈಲಿ ನೋಡಿಕೊಳ್ಳೋಕಾಗತ್ತಾ ಅಂತ ಕೇಳಿದರು. ಇವರು ಏನೂ ಕೇಳಲಿಲ್ಲ, ಗಾಳಿ ಬೀಸಿದರು. ಕೈ ನೋಯ್ತಿತ್ತು ಅವರಿಗೆ, ನನಗೆ ಕಾಣಿಸ್ತಿತ್ತು, ಆದರೂ ನಿಲ್ಲಿಸಲಿಲ್ಲ. ಅವರು ನಾಳೆ ನಾನು ಬೇಡ ಅಂದೆ ಅಂದುಕೊಂಡು ಹೋಗಿಬಿಟ್ಟರೆ ನನ್ನ ಕೈಲಿ ತಡೆಯೋಕಾಗಲ್ಲ."

ಅಕ್ಕನ ಬಾಯಲ್ಲಿ 'ತಡೆಯೋಕಾಗಲ್ಲ' ಎಂಬ ಮಾತು ಭಾವ ಹೋದಾಗಲೂ ನಾನು ಕೇಳಿರಲಿಲ್ಲ. ಎದ್ದು ಹೋಗಿ ಸ್ಕ್ರೂಡ್ರೈವರ್ ಹುಡುಕಿ ತಂದೆ.

ನೀಲಿ ಪರದೆಗೆ ಮದ್ದು ಒಂದೇ. ನಾನು ಅಂಗಡಿಯಿಂದ ತಂದಿದ್ದ ಆಪರೇಟಿಂಗ್ ಸಿಸ್ಟಮ್ಮಿನ ಮೂಲ ಸಿ.ಡಿ. ಹಾಕಿ, ಹಳೆಯದನ್ನು ಅಳಿಸಬೇಡ, ಆದರೆ ಈ ಯಂತ್ರದಲ್ಲಿ ಏನೇನಿದೆ ಎಂದು ಹೊಸದಾಗಿ ನೋಡಿಕೊಂಡು ರಿಪೇರಿ ಮಾಡು ಎಂದು ಹೇಳಬೇಕು. ಸಿ.ಡಿ. ಅರ್ಧ ದಾರಿಯಲ್ಲಿ ನಿಂತಿತು. ಗೀರು. ಅಕ್ಕನ ಟೂತ್‌ಪೇಸ್ಟ್ ತೆಗೆದು ಸಿ.ಡಿ.ಗೆ ಹಚ್ಚಿ ಉಜ್ಜಿದೆ. ಚಿಕ್ಕಪ್ಪ ಬಾಗಿಲಲ್ಲಿ ನಿಂತು, ಮೊದಲೇ ತಲೆ ಕೆಟ್ಟಿದ್ದ ಹುಡುಗಿಗೆ ಈಗ ಪೂರ್ತಿ ಕೆಟ್ಟಿತು ಎನ್ನುವ ಹಾಗೆ ನೋಡಿದರು. ತೊಳೆದು ಒರೆಸಿ ಹಾಕಿದರೆ ಸಿ.ಡಿ. ಓದಿತು! ಡ್ರೈವಿನಿಂದ ಲವಂಗದ ವಾಸನೆ ಬರುತ್ತಿತ್ತು. ಆದರೂ ಓದಿತು. ನೀಲಿ ಪರದೆ ಹೋಯಿತು, ಯಂತ್ರ ಎದ್ದಿತು, ಚಿಕ್ಕಪ್ಪ ಇಟ್ಟುಕೊಂಡಿದ್ದ ನಂಜುಂಡೇಶ್ವರನ ಚಿತ್ರ ಪರದೆಯ ಮೇಲೆ ಬಂತು. ಚಿಕ್ಕಪ್ಪ ಕೆನ್ನೆ ಬಡಿದುಕೊಂಡರು. ನಾನೂ ಬಡಿದುಕೊಂಡೆ. ಅಷ್ಟರಲ್ಲಿ ಯಂತ್ರ ತಾನಾಗಿಯೇ ಆರಿಹೋಯಿತು.

ಮತ್ತೆ ಹಾಕಿದೆ. ನಂಜುಂಡೇಶ್ವರ ಬಂದ, ದರ್ಶನ ಕೊಟ್ಟ, ಹೋದ. ಮತ್ತೆ ಹಾಕಿದೆ, ಮತ್ತೆ ಅದೇ. ಕಾರಣ ತಿಳಿಯುವ ಮೊದಲೇ ಕರೆಂಟೂ ಹೋಯಿತು, ಅವತ್ತಿಗೆ ಮತ್ತೆ ಬರಲೇ ಇಲ್ಲ.

ಸೋಮವಾರ ಬೆಳಗ್ಗೆ ಕರೆಂಟು ಬಂದಿತ್ತು. ಸೋಮವಾರ ನಂಜನಗೂಡು ಬಿಟ್ಟು ಕದಲದ ಚಿಕ್ಕಪ್ಪ ಅವತ್ತು ಸ್ನಾನ ಮುಗಿಸಿ ನರಸೀಪುರದ ಪ್ಲಾಸ್ಟಿಕ್ ಕುರ್ಚಿಯಲ್ಲೇ ಕೂತಿದ್ದರು. ಅಕ್ಕ ಶಾಲೆಗೆ ಹೊರಡುವ ಸೀರೆಯುಟ್ಟು, ಕೈಯಲ್ಲಿ ಬ್ಯಾಗು ಹಿಡಿದು, ಹೊರಡದೆ ನಿಂತಿದ್ದಳು. ಯಂತ್ರವನ್ನು ಕನಿಷ್ಠ ಸಾಮಾನುಗಳಲ್ಲಿ ಏಳಿಸುವ ಒಂದು ದಾರಿ ಇದೆ, ಸೇಫ್ ಮೋಡ್ ಎನ್ನುತ್ತಾರೆ. ಹಾಗೆ ಎಬ್ಬಿಸಿ, ಆರಿಹೋಗುವ ಮುನ್ನ ಅದು ಏನು ಬರೆದಿಟ್ಟಿದೆ ಎಂದು ನೋಡಿದೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹಳೆಯ ಸರ್ವರಿನಲ್ಲಿ, ಬಿಸಿಯಾಗದಂತೆ ಕಾಯುವ ಒಂದು ಸಣ್ಣ ಪ್ರೋಗ್ರಾಂ ಇತ್ತು. ಅದೂ ಟೇಪಿನ ಜೊತೆ ಇಲ್ಲಿಗೆ ಬಂದಿತ್ತು. ಎದ್ದ ಕೂಡಲೇ ತನ್ನ ಹಳೆಯ ಫ್ಯಾನುಗಳನ್ನು ಹುಡುಕುತ್ತಿತ್ತು. ಒಂದೂ ಸಿಗದೆ, ಅಯ್ಯೋ ಫ್ಯಾನುಗಳೆಲ್ಲ ನಿಂತುಹೋಗಿವೆ, ಸುಟ್ಟುಹೋಗುತ್ತೇವೆ ಎಂದು ಹೆದರಿ, ಇಡೀ ಯಂತ್ರವನ್ನು ಆರಿಸುತ್ತಿತ್ತು.

"ಫ್ಯಾನ್ ಇದೆಯಲ್ಲೇ ಒಳಗೆ, ತಿರುಗ್ತಾ ಇದೆ" ಎಂದಳು ಅಕ್ಕ.

"ಅದು ಈ ಯಂತ್ರದ ಫ್ಯಾನು. ಅದಕ್ಕೆ ಹಳೆಯದೇ ಬೇಕಂತೆ."

"ಇಲ್ಲದೇ ಇರೋದನ್ನ ಹುಡುಕೋದು ಬಿಡು ಅಂತ ಹೇಳು ಅದಕ್ಕೆ" ಎಂದು ಬ್ಯಾಗನ್ನು ಕೆಳಗಿಟ್ಟಳು.

ಹೇಳಿದೆ. ಅಂದರೆ ಆ ಕಾವಲುಗಾರ ಪ್ರೋಗ್ರಾಮನ್ನು ನಿಲ್ಲಿಸಿ, ಯಂತ್ರವನ್ನು ಮತ್ತೆ ಎಬ್ಬಿಸಿದೆ. ನಂಜುಂಡೇಶ್ವರ ಬಂದ. ಈ ಸಲ ಹೋಗಲಿಲ್ಲ. ಮೈಸೂರಿನವನ ಪ್ರೋಗ್ರಾಂ ಬಾಯಿ ಬಿಟ್ಟಿತು. ಮರುಮದುವೆಯ ವಿಭಾಗ ತೆರೆದು ಪುಷ್ಯ ನಕ್ಷತ್ರ ಎಂದು ಒತ್ತಿದೆ. ಒಬ್ಬರೇ ಬಂದರು. ಊರು ನೋಡಿ ನಾನು ತಲೆ ಚಚ್ಚಿಕೊಂಡೆ. ಚಿಕ್ಕಯ್ಯನಛತ್ರ! ನಂಜನಗೂಡಿನಲ್ಲೇ ಕೂತು ಸೈಕಲ್ಲಿನಲ್ಲಿ ಹೋಗಿ ಹೇಳಿಬರಬಹುದಾಗಿದ್ದ ದೂರ.

"ಹೌದು ಹೌದು" ಎಂದರು ಚಿಕ್ಕಪ್ಪ, ನಾಚಿಕೆಯಿಲ್ಲದೆ. "ಅವರ ಬೀದಿಯಲ್ಲೇ ಒಂದು ಗೃಹಪ್ರವೇಶ ಮಾಡಿಸಿದೀನಿ. ಮಖಾ ನಕ್ಷತ್ರದವರದು."

ನಾನು ಫೋನಿಗೆ ಕೈ ಹಾಕಿದೆ. ಚಿಕ್ಕಪ್ಪ ತಟ್ಟನೆ ಎದ್ದು ನಿಂತರು. "ತಡಿಯೇ. ಸೋಮವಾರ ಏಳೂವರೆಯಿಂದ ಒಂಬತ್ತು ರಾಹುಕಾಲ. ಒಂಬತ್ತಾಗಲಿ. ಇಂಥ ಮಾತನ್ನ ರಾಹುಕಾಲದಲ್ಲಿ ಆಡಬಾರದು."

ಗಡಿಯಾರ ಎಂಟು ದಾಟಿತ್ತು. ಒಂಬತ್ತಕ್ಕೆ ಆ ಮನುಷ್ಯ ಎಲ್ಲಿರುತ್ತಾರೋ! ನಾನು ಕೂಗಬೇಕೆಂದಿದ್ದೆ, ಅಕ್ಕ ನನ್ನ ಕೈ ಹಿಡಿದು ತಡೆದಳು. ಅವಳ ದನಿ ಮೆತ್ತಗೇ ಇತ್ತು.

"ಚಿಕ್ಕಪ್ಪ, ಮೊದಲನೇ ಸಲ ನೀವೇ ಮುಹೂರ್ತ ಇಟ್ಟಿರಿ. ರಾಹುಕಾಲ, ಗುಳಿಕಕಾಲ, ಯಮಗಂಡ, ಎಲ್ಲ ನೋಡಿ ಇಟ್ಟಿರಿ. ಒಂದೂ ಬಿಟ್ಟಿರಲಿಲ್ಲ."

ನನಗೆ ಚಿಕ್ಕಪ್ಪನ ಮುಖ ನೋಡಲಾಗಲಿಲ್ಲ. ಅವರು ಕನ್ನಡಕ ಹಾಕಿಕೊಂಡು ಪರದೆಯ ಹತ್ತಿರ ಬಗ್ಗಿ, ಒಂದೊಂದೇ ಅಂಕಿ ನೋಡಿಕೊಂಡು ತಾವೇ ಡಯಲ್ ಮಾಡಿದರು. ರಿಸೀವರನ್ನು ಅಕ್ಕನ ಕೈಗೆ ಕೊಟ್ಟು ಸ್ಪೀಕರ್ ಗುಂಡಿ ಒತ್ತಿದರು.

ನಂಬರಿನ ಮುಂದೆ ಪಿ.ಪಿ. ಎಂದು ಬರೆದಿದ್ದನ್ನು ಆಗ ನೋಡಿದೆ. ಅಂದರೆ ಅವರ ಮನೆಯ ಫೋನಲ್ಲ, ಹತ್ತಿರದವರ ಯಾರದೋ ಫೋನು; ಅವರು ಹೋಗಿ ಕರೆದುಕೊಂಡು ಬರಬೇಕು. ಆ ಕಡೆ ಬೋಂಡದ ಎಣ್ಣೆಯ ಚುಯ್ ಸದ್ದು, ಲೋಟಗಳ ಸದ್ದು, ನಾಲ್ಕೈದು ಜನರ ಮಾತು. ಟೀ ಅಂಗಡಿ.

"ಅಲೋ! ಯಾರು?"

ಅಕ್ಕ ಅವರ ಹೆಸರು ಹೇಳಿ, ಕರೆಯಿರಿ ಎಂದಳು. ಆ ಹೆಸರನ್ನು ಅವಳು ಬಾಯಲ್ಲಿ ಆಡಿದ್ದು ಅದೇ ಮೊದಲು.

"ಅಯ್ಯೋ, ಅವ್ರಾ? ಅಕಾ ಅಲ್ಲಿ ಬಸ್ಸಿಗ್ ನಿಂತವ್ರೆ. ಬಸ್ಸೂ ಬತ್ತಾ ಅದೆ ಕಣಮ್ಮ. ಯಾರು ಅಂತ ಏಳ್ಲಿ? ಏನ್ ಇಸ್ಯ?"

ಚಿಕ್ಕಪ್ಪ ಎರಡೂ ಕೈ ಆಡಿಸುತ್ತ ಪಿಸುಗುಟ್ಟಿದರು: "ನಂಬರ್ ಹೇಳೇ, ಬರೀ ನಂಬರ್ ಹೇಳು! ಅಂಗಡಿ ತುಂಬ ಜನ!"

ಅಕ್ಕ ಚಿಕ್ಕಪ್ಪನನ್ನು ನೋಡಿದಳು, ನನ್ನನ್ನು ನೋಡಿದಳು. ಕ್ಲಾಸಿನ ಕೊನೆಯ ಸಾಲಿಗೂ ಕೇಳುವ ದನಿಯಲ್ಲಿ ಹೇಳಿದಳು, "ನರಸೀಪುರದ ಟೀಚರ್ ಅಂತ ಹೇಳಿ. ನನಗೆ ಒಪ್ಪಿಗೆ ಅಂತ ಹೇಳಿ."

ಅಂಗಡಿಯವರಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ರಿಸೀವರನ್ನು ಮೇಜಿನ ಮೇಲೆ ಕುಕ್ಕಿ, ಇಡೀ ಚಿಕ್ಕಯ್ಯನಛತ್ರಕ್ಕೆ ಕೇಳುವ ಹಾಗೆ ಕೂಗಿದರು.

"ಸಾ! ಓ ಸಾ! ಅತ್ಬ್ಯಾಡಿ, ಬಸ್ ಬುಡಿ! ನರಸೀಪುರದ್ ಟೀಚರಮ್ಮ ಒಪ್ಕಂಡವ್ರಂತೆ!"

ಬಸ್ಸಿನ ಹಾರನ್ನು ಕೇಳಿಸಿತು. ಕಂಡಕ್ಟರ್ ರೈಟ್ ರೈಟ್ ಎಂದದ್ದು ಕೇಳಿಸಿತು. ಬಸ್ಸು ಹೊರಟಿತು, ಅದರ ಸದ್ದು ದೂರವಾಗುತ್ತ ಹೋಯಿತು. ಅವರು ಹತ್ತಿದರೋ ಬಿಟ್ಟರೋ ಫೋನಿನಲ್ಲಿ ಹೇಗೆ ತಿಳಿಯಬೇಕು? ಚಿಕ್ಕಪ್ಪ ಕಣ್ಣು ಮುಚ್ಚಿಕೊಂಡಿದ್ದರು. ಅಕ್ಕ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಆ ಕಡೆ ಯಾರೋ ಓಡಿಬಂದ ಸದ್ದಾಯಿತು, ಬೆಂಚು ಬಿತ್ತು, ಏದುಸಿರಿನಲ್ಲಿ ಒಬ್ಬರು "ಹಲೋ" ಎಂದರು.